ರೋಮಿನ ಯಾತ್ರಿಕನು ಕಂಡ ನಮ್ಮ ಕರಾವಳಿ

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆರ್. ಟಿ. ನಗರದಿಂದ ಯಲಹಂಕದ ನಮ್ಮ ಮನೆಗೆ ಬಂದಿದ್ದನು. ಅವನೂ ಅವನ ಮಡದಿಯೂ ಯುರೋಪಿನ ದಕ್ಷಿಣ ತೀರವನ್ನು ಹಡಗಿನಲ್ಲಿ ಸುತ್ತಿ ಆಗತಾನೆ ಹಿಂತಿರುಗಿದ್ದರು. ಅರಮನೆಯಂತಹ ದೊಡ್ಡ ಹಡಗಲ್ಲ. ನೂರು ಜನ ಹಿಡಿಯುವ ಸಣ್ಣ ಹಡಗು. ದೊಡ್ಡವು ಹೊಗಲಾರದ ಪುಟ್ಟ ಬಂದರುಗಳನ್ನು ಅದು ಹೊಗುತ್ತದಂತೆ. ರಾತ್ರಿಯೆಲ್ಲ ಸಾಗಿ, ಬೆಳಗಾಗುತ್ತಲೇ ಒಂದು ದ್ವೀಪದ ಎದುರಿಗೆ ಲಂಗರು ಇಳಿಸಿ, ಜನರನ್ನು ದೋಣಿಗಳಲ್ಲಿ ದಡಕ್ಕೆ ಕಳುಹಿಸುತ್ತದಂತೆ. ಸಿಸಿಲಿ, ಮಾಲ್ಟಾ, ಗ್ರೀಸಿನ ದ್ವೀಪಗಳು, ಇವುಗಳ ಚಿತ್ರಗಳನ್ನೆಲ್ಲ ತೋರಿಸಿದ ಮೇಲೆ ಅವನು, “ಮೇಷ್ಟ್ರೇ, ನಮಗೂ ಇಷ್ಟುದ್ದ ಸಮುದ್ರತೀರವಿದೆ. ಆದರೆ ಹೀಗೆ ಊರೂರು ನೋಡುತ್ತಾ ಹೋದವರ ಕಥೆ ಒಂದೂ ಇಲ್ಲವಲ್ಲ!” ಎಂದು ನಿಟ್ಟುಸಿರು ಬಿಟ್ಟನು.

ಬಯಲುಸೀಮೆಯವರಾದ ನಮಗೆ ಕೆರೆಯೇ ಸಮುದ್ರ. ಯಲಹಂಕದ ಕೆರೆ, ಹೆಬ್ಬಾಳದ ಕೆರೆ ತುಂಬಿ ಕೋಡಿ ಬಿದ್ದರೆ ಅದೇ ನಮಗೆ ಕಡಲು ಉಕ್ಕಿದ ಹಾಗೆ. ಆದುದರಿಂದ ಅವನನ್ನು ಆಕ್ಷೇಪಿಸುವ ಹಾಗಿರಲಿಲ್ಲ. ಆದರೂ ಕಥೆ ಇದೆ. ಅವನು ನೋಡಿ ಬಂದ ಆ ತೀರದಿಂದಲೇ ಹೊರಟು ನಮ್ಮ ತೀರಕ್ಕೆ ಬಂದು, ಸಣ್ಣ ಹಡಗುಗಳಲ್ಲಿ ಗೋವೆಯಿಂದ ಹೊನ್ನಾವರಕ್ಕೆ, ಬಸರೂರಿಂದ ಮಂಗಳೂರಿಗೆ, ಅಲ್ಲಿಂದ ಕಲ್ಲಿಕೋಟೆಗೆ ಸುತ್ತಿದವನೊಬ್ಬನಿದ್ದಾನೆ. ಅವನು ವ್ಯಾಪಾರಿಯಲ್ಲ, ಸೈನಿಕನಲ್ಲ, ಪಾದ್ರಿಯೂ ಅಲ್ಲ. ಸುಮ್ಮನೆ ನೋಡಬೇಕೆಂದು ಬಂದವನು. ಅಂದು ಕಾಫಿ ಆರುವಷ್ಟರಲ್ಲಿ ಅರ್ಧಕ್ಕೆ ನಿಂತ ಆ ಕಥೆಯನ್ನು ಇಲ್ಲಿ ಪೂರೈಸುತ್ತೇನೆ.

ಯವನರ ಸಮುದ್ರಕ್ಕೂ ನಮ್ಮ ಸಮುದ್ರಕ್ಕೂ ನಂಟು ಹಳೆಯದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು ೧೯೦೩ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದರಲ್ಲಿ, ಭಾರತದ ತೀರದಲ್ಲಿ ಸೆರೆಯಾದ ಗ್ರೀಕ್ ಹೆಣ್ಣನ್ನು ಅವಳ ಕಡೆಯವರು ಹಡಗಿನಲ್ಲಿ ಬಂದು ಬಿಡಿಸಿಕೊಂಡು ಹೋಗುವ ಪ್ರಸಂಗವಿದೆ. ಅದರಲ್ಲಿ ಆ ತೀರದವರು ಆಡುವ ಮಾತುಗಳು ಕನ್ನಡವೆಂದು ಹುಲ್ಟ್ಸ್ ಎಂಬ ಜರ್ಮನ್ ಪಂಡಿತನು ೧೯೦೪ರಲ್ಲಿ ಸೂಚಿಸಿದನು. ನಮ್ಮ ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ಜಾಡನ್ನು ಹಿಡಿದು ಬಹುದೂರ ಹೋದರು. ಅದು ಕನ್ನಡ ಹೌದೋ ಅಲ್ಲವೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ನನಗಂತೂ ಅವುಗಳಲ್ಲಿ ಕೆಲವು ಕನ್ನಡದಂತೆ ಕೇಳಿಸುತ್ತವೆ. ಆದರೆ ಕನ್ನಡ ಪಂಡಿತನ ಕಿವಿಗೆ ಕನ್ನಡ ಕೇಳಿಸುವುದು ಪ್ರಮಾಣವಾಗಲಾರದು. ಅದನ್ನು ಅಲ್ಲಿಗೇ ಬಿಡೋಣ.

ನಮ್ಮ ಯಾತ್ರಿಕನ ಹೆಸರು ಪಿಯೆತ್ರೊ ದೆಲ್ಲಾ ವಾಲೆ. ೧೫೮೬ರಲ್ಲಿ ರೋಮ್ ನಗರದ ದೊಡ್ಡ ಮನೆತನವೊಂದರಲ್ಲಿ ಹುಟ್ಟಿದವನು. ಕಾವ್ಯ, ಸಂಗೀತ, ಕತ್ತಿವರಸೆ, ಎಲ್ಲವನ್ನೂ ಅಷ್ಟಷ್ಟು ಕಲಿತಿದ್ದನು. ಮದುವೆಯಾಗಬೇಕೆಂದು ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದ ಹೆಣ್ಣು ಬೇರೊಬ್ಬನ ಕೈ ಹಿಡಿದಾಗ ಜೀವನವೇ ಬೇಸರವಾಯಿತು. ನೇಪಲ್ಸ್ ನಗರದಲ್ಲಿದ್ದ ಅವನ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊ ಎಂಬವನು, “ದೇಶ ಸುತ್ತು, ಕಂಡುದನ್ನು ನನಗೆ ಬರೆ” ಎಂದು ಬುದ್ಧಿ ಹೇಳಿದನು. ೧೬೧೪ರ ಜೂನಿನಲ್ಲಿ ಪಿಯೆತ್ರೊ ವೆನಿಸ್ಸಿನಲ್ಲಿ ಹಡಗು ಹತ್ತಿದನು. ಆಮೇಲೆ ಹನ್ನೆರಡು ವರ್ಷ ಊರಿನ ಮುಖ ಕಾಣಲಿಲ್ಲ.

ಇಸ್ತಾಂಬುಲ್, ಕೈರೊ, ಜೆರುಸಲೇಮ್, ಬಾಗ್ದಾದ್, ಇಸ್ಫಹಾನ್, ಇವನು ಹೋದ ಕಡೆಯೆಲ್ಲ ಅಲ್ಲಿಯ ಭಾಷೆಯನ್ನು ಕಲಿತನು, ಅಲ್ಲಿಯ ಉಡುಪನ್ನು ಉಟ್ಟನು. ಈಜಿಪ್ಟಿನಿಂದ ಸಾಗಿಸಿದ ಮಮ್ಮಿಗಳು ಇಂದಿಗೂ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿವೆ. ಪರ್ಸೆಪೋಲಿಸ್ ಹಾಳೂರಿನಲ್ಲಿ ಅವನು ನಕಲು ಮಾಡಿಕೊಂಡ ಕೆಲವು ಬಾಣಾಕ್ಷರಗಳು ಯುರೋಪಿಗೆ ಆ ಲಿಪಿಯ ಮೊದಲ ಪರಿಚಯಗಳಲ್ಲಿ ಒಂದು. ೧೬೧೬ರಲ್ಲಿ ಬಾಗ್ದಾದಿನ ಕ್ರೈಸ್ತ ಮನೆತನದ ಮಾನಿ ಎಂಬ ಹೆಣ್ಣನ್ನು ಮದುವೆಯಾದನು. ಐದು ವರ್ಷ ಅವಳು ಕುದುರೆಯ ಮೇಲೆ ಅವನ ಜೊತೆಜೊತೆಗೆ ಪರ್ಷಿಯವನ್ನು ಸುತ್ತಿದಳು. ೧೬೨೧ರ ಡಿಸೆಂಬರಿನಲ್ಲಿ ಹೊರ್ಮುಜ್ ಸಮೀಪದ ಮಿನಾಬಿನಲ್ಲಿ ಜ್ವರದಿಂದ ತೀರಿಕೊಂಡಳು. ಆಗ ಪಿಯೆತ್ರೊ ಮಾಡಿದ ಕೆಲಸವನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹೆಂಡತಿಯ ದೇಹವನ್ನು ಕರ್ಪೂರಾದಿಗಳಿಂದ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ರೋಮಿನಲ್ಲಿ ತನ್ನ ಹಿರಿಯರ ಪಕ್ಕದಲ್ಲೇ ಮಣ್ಣು ಮಾಡುವೆನೆಂದು ಹಟ ಹಿಡಿದು, ಹೋದಲ್ಲೆಲ್ಲ ಆ ಪೆಟ್ಟಿಗೆಯನ್ನು ಕೊಂಡೊಯ್ದನು. ಹೆಣವಿರುವ ಹಡಗನ್ನು ನಾವಿಕರು ಒಪ್ಪುವುದಿಲ್ಲ; ಆದುದರಿಂದ ಅದನ್ನು ಸರಕಿನ ಮೂಟೆಯಂತೆ ಮರೆಮಾಚಬೇಕಾಗುತ್ತಿತ್ತು. ಆ ಪೆಟ್ಟಿಗೆಯೊಂದಿಗೇ ೧೬೨೩ರ ಆದಿಯಲ್ಲಿ ಸೂರತ್ತಿಗೆ ಬಂದು ಇಳಿದನು. ಏಪ್ರಿಲಿನಲ್ಲಿ ಗೋವೆ ಸೇರಿದನು.

ಮಳೆಗಾಲವನ್ನು ಗೋವೆಯಲ್ಲಿಯೇ ಕಳೆಯಬೇಕಾಯಿತು. ನಮ್ಮ ಪಡುವಣ ಸಮುದ್ರ ಮಳೆಗಾಲದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ನೂಲಹುಣ್ಣಿಮೆಯ ದಿನ ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿದ ಮೇಲೆ ಕಡಲು ಮೆಲ್ಲನೆ ಶಾಂತವಾಗುತ್ತದೆ. ಆಗ ಮಂಜಿಗಳೂ ಮಚ್ವೆಗಳೂ ಪತ್ತೇಮಾರಿಗಳೂ ಒಂದೊಂದಾಗಿ ಹೊರಡುತ್ತಿದ್ದವು. ರಾತ್ರಿ ನೆಲದ ಕಡೆಯಿಂದ ಬೀಸುವ ಗಾಳಿ, ಹಗಲು ಕಡಲ ಕಡೆಯಿಂದ ಬೀಸುವ ಗಾಳಿ, ಇವೆರಡರ ನಡುವೆ ದಡವನ್ನು ಕಣ್ಣಿನಿಂದ ಬಿಡದೆ ಸಾಗುವುದೇ ಈ ಸಣ್ಣ ಹಡಗುಗಳ ಕ್ರಮ. ಕಡಲುಗಳ್ಳರ ಭಯದಿಂದ ಹಡಗುಗಳು ಗುಂಪುಗೂಡಿ ಹೋಗುತ್ತಿದ್ದವು.

ಆ ವರ್ಷ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಫೆರ್ನಾಂದಿಸ್ ಲೆಯ್ತಾವ್ ಎಂಬ ರಾಯಭಾರಿಯನ್ನು ಕಳುಹಿಸುವವರಿದ್ದರು. ಮಂಗಳೂರಿನ ಬಂಗ ಅರಸನು ಪೋರ್ಚುಗೀಸರ ಮಿತ್ರ. ಅವನ ಕೋಟೆಯನ್ನು ವೆಂಕಟಪ್ಪ ನಾಯಕನು ಕೆಡವಿಹಾಕಿದ್ದನು. ಆ ಜಗಳವಲ್ಲದೆ ಕರಿಮೆಣಸಿನ ವ್ಯವಹಾರವೂ ಇದ್ದಿತು. ಗೋವೆಗೆ ಬಂದಿದ್ದ ನಾಯಕನ ಕಡೆಯ ರಾಯಭಾರಿಯ ಹೆಸರನ್ನು ಪಿಯೆತ್ರೊ ‘ವಿತುಲ ಸಿನಾಯ್’ ಎಂದು ಬರೆದಿದ್ದಾನೆ. ಓದಿದ ಕೂಡಲೇ ನಮಗೆ ವಿಠಲ ಶೆಣೈಯೆಂದು ಹೊಳೆಯುತ್ತದೆ. ಹಿಂದೂ ಅರಸನೊಬ್ಬನ ಆಸ್ಥಾನವನ್ನು ನೋಡುವ ಅವಕಾಶ ಮತ್ತೆ ಸಿಕ್ಕಲಾರದೆಂದು ಪಿಯೆತ್ರೊ ಈ ರಾಯಭಾರಿಗಳ ಜೊತೆಗೂಡಿದನು. ೧೬೨೩ರ ಅಕ್ಟೋಬರ್ ೧೪ರಂದು ಅವರು ಗೋವೆಯಿಂದ ಹೊರಟರು.

ಹೊನ್ನಾವರ ಆಗ ಪೋರ್ಚುಗೀಸರ ಕೈಯಲ್ಲಿದ್ದ ಸಣ್ಣ ಕೋಟೆ. ಅವರು ಬರುವುದಕ್ಕೆ ಬಹಳ ಮೊದಲು, ೧೩೪೦ರ ದಶಕದಲ್ಲಿ, ಇಬ್ನ್ ಬತೂತ ಎಂಬ ಮೊರಾಕ್ಕೊ ದೇಶದ ಯಾತ್ರಿಕನು ಈ ಊರಿನಲ್ಲಿ ಹುಡುಗಿಯರಿಗೆ ೧೩, ಹುಡುಗರಿಗೆ ೨೩ ಪಾಠಶಾಲೆಗಳನ್ನು ಕಂಡುದಾಗಿ ಬರೆದನು. ಪಿಯೆತ್ರೊ ಬಂದಾಗ ಆ ವೈಭವ ಹೋಗಿದ್ದಿತು. ಆದರೂ ಅವನು ರಾಮತೀರ್ಥವನ್ನು ನೋಡಿಬಂದು ಅದರ ಹೆಸರನ್ನೂ ಅರ್ಥವನ್ನೂ ಗೆಳೆಯನಿಗೆ ಬರೆದನು. ಹೆಸರಿನ ಅರ್ಥವನ್ನು ಕೇಳದೆ ಮುಂದೆ ಹೋಗದಿರುವುದು ಅವನ ಗುಣ. ಈ ಒಂದು ಗುಣಕ್ಕಾಗಿಯೇ ನನಗೆ ಅವನ ಮೇಲೆ ಪ್ರೀತಿ.

ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಶರಾವತಿಯ ಮೇಲೆ ಪ್ರಯಾಣ. ದೇಶ ದೇಶಗಳ ನದಿಗಳನ್ನು ಕಂಡಿದ್ದ ಪಿಯೆತ್ರೊವಿಗೆ ಈ ನದಿಯಷ್ಟು ಮನಸ್ಸು ಸೆಳೆದದ್ದು ಬೇರೆ ಇರಲಿಲ್ಲವೆಂಬಂತೆ ಅವನ ಬರವಣಿಗೆ ಇಲ್ಲಿ ಉಬ್ಬುತ್ತದೆ. ನಾನೂ ಕೆಲವು ವರ್ಷಗಳ ಹಿಂದೆ ಯಶವಂತಪುರದಲ್ಲಿ ಕಾರವಾರದ ರೈಲು ಹತ್ತಿ ಹೊನ್ನಾವರಕ್ಕೆ ಹೋಗಿದ್ದೆ. ಅಲ್ಲಿ ಶರಾವತಿಯ ಮೇಲಿನ ರೈಲು ಸೇತುವೆ ಸುಮಾರು ೨ ಕಿಲೋಮೀಟರು ಉದ್ದ. ಸೇತುವೆಯ ಕೆಳಗೆ ನಡುಗಡ್ಡೆಗಳು, ತೆಂಗಿನ ತೋಪುಗಳು, ದೂರದಲ್ಲಿ ನೀಲಿಯಾಗಿ ಘಟ್ಟ. ಅಂದು ದೋಣಿಯವನೊಬ್ಬನು ನನ್ನನ್ನು ಸ್ವಲ್ಪ ದೂರ ಕರೆದುಕೊಂಡು ಹೋದನು. ನೀರಿನ ಮೇಲೆ ಕುಳಿತು ನೋಡಿದಾಗ ರೋಮಿನವನು ಸುಳ್ಳು ಬರೆದಿಲ್ಲವೆಂದು ಒಪ್ಪಿಕೊಂಡೆ.

ಗೇರುಸೊಪ್ಪೆಯಲ್ಲಿ ಅವನು ಕಂಡುದು ಹಾಳೂರು. ಮನೆಗಳ ಜಾಗದಲ್ಲಿ ಮರ ಬೆಳೆದಿದ್ದವು, ಅರಮನೆ ಬಿದ್ದಿದ್ದಿತು, ಕೆಲವು ಗುಡಿಸಲುಗಳು ಮಾತ್ರ ಉಳಿದಿದ್ದವು. ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದಳೆಂದು ನಮ್ಮ ಚರಿತ್ರಕಾರರು ಹೇಳುವ ಆ ರಾಣಿಯ ರಾಜ್ಯವನ್ನು ಇಕ್ಕೇರಿಯವರು ನುಂಗಿ ಇನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ. ರಾಣಿಯು ಹೀನನಾದ ಪರಸ್ಥಳದವನನ್ನು ಕೈಹಿಡಿದು, ಅವನ ದ್ರೋಹದಿಂದ ರಾಜ್ಯ ಕಳೆದುಕೊಂಡಳು ಎಂಬ ಕಥೆಯನ್ನು ಪಿಯೆತ್ರೊ ಬರೆದಿದ್ದಾನೆ. ನಾನು ಇದನ್ನು ನಂಬಲಾರೆ. ಗೆದ್ದವರ ರಾಯಭಾರಿಯೊಡನೆ ಪ್ರಯಾಣ ಮಾಡುವವನ ಕಿವಿಗೆ ಸೋತವರ ಕಥೆ ಹೇಗೆ ಬಿದ್ದೀತು? ಹೊಳೆಯಾಚೆಯ ನಗಿರೆ ಬಸ್ತಿಕೇರಿಯಲ್ಲಿ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿದವರಿಗೆ, ಇದನ್ನು ಕಟ್ಟಿದ ಊರು ಒಬ್ಬ ಹೆಣ್ಣಿನ ಅವಿವೇಕದಿಂದ ಹಾಳಾಯಿತೆಂದು ಹೇಳುವುದಕ್ಕೆ ನಾಲಗೆ ಏಳುವುದಿಲ್ಲ. ಮೆಣಸು ಬೆಳೆಯುವ ನೆಲದ ಮೇಲೆ ಎಲ್ಲರ ಕಣ್ಣೂ ಇದ್ದಿತು ಎಂಬುದೇ ಸಾಕಷ್ಟು ಕಾರಣ.

ಅಲ್ಲಿಂದ ಮುಂದೆ ಘಟ್ಟದ ದಾರಿ. ಕಾಡು, ಏರು, ದಟ್ಟ ನೆರಳು. ಪಿಯೆತ್ರೊವಿಗೆ ತನ್ನ ನಾಡಿನ ಅಪೆನೈನ್ ಬೆಟ್ಟಗಳ ನೆನಪಾಯಿತು. ಘಟ್ಟದ ಮೇಲಿನ ಕೋಟೆಯೂರೊಂದರಲ್ಲಿ ಹನುಮಂತನ ಗುಡಿ. ಜೊತೆಯವರು ವಿಶ್ರಮಿಸುತ್ತಿರುವಾಗ ಅವನು ಗುಡಿಯ ಮೊಗಸಾಲೆಯಲ್ಲಿ ಕಂಡ ನೋಟವೇ, ಮೇಷ್ಟರಾದ ನನಗೆ, ಇಡೀ ಪುಸ್ತಕದ ತಿರುಳು.

ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಉಪಾಧ್ಯಾಯನು ಅಲ್ಲಿರಲಿಲ್ಲ. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿದ್ದರು. ಒಬ್ಬ ಹುಡುಗನು ರಾಗವಾಗಿ ಪಾಠದ ಒಂದು ತುಂಡನ್ನು ಹೇಳುತ್ತ, ಹೇಳಿದ ಅಂಕಿಯನ್ನು ಬೆರಳಿನಿಂದ ಮರಳಿನ ಮೇಲೆ ಬರೆಯುವನು. ಉಳಿದ ಮೂವರೂ ಅದೇ ರಾಗದಲ್ಲಿ ಅದನ್ನೇ ಹೇಳಿ ಅದನ್ನೇ ಬರೆಯುವರು. ಆಮೇಲೆ ಮುಂದಿನದು; ಹೀಗೆ ನೆಲವೆಲ್ಲ ತುಂಬುವವರೆಗೆ. ತುಂಬಿದ ಮೇಲೆ ಕೈಯಿಂದ ಸವರಿ ಅಳಿಸಿ, ಬೇಕಾದರೆ ಹೊಸ ಮರಳು ಚೆಲ್ಲಿ, ಮತ್ತೆ ಮೊದಲು. ಕಾಗದ ಬೇಡ, ಲೇಖನಿ ಬೇಡ, ಶಾಯಿ ಬೇಡ. ಪಿಯೆತ್ರೊ ಬೆರಗಾಗಿ ಕೇಳಿದನಂತೆ: ಮೇಷ್ಟರಿಲ್ಲದಿರುವಾಗ ಪಾಠದಲ್ಲಿ ಏನಾದರೂ ಮರೆತರೆ, ತಪ್ಪಿದರೆ, ತಿದ್ದುವವರು ಯಾರು? ಹುಡುಗರ ಉತ್ತರ ಏನು ಗೊತ್ತೇ? ನಾಲ್ವರೂ ಒಂದೇ ಸಲ ಒಂದೇ ತಪ್ಪು ಮಾಡುವುದು ಸಾಧ್ಯವಿಲ್ಲ. ಒಬ್ಬನು ಮರೆತುದನ್ನು ಇನ್ನೊಬ್ಬನು ತಿದ್ದುತ್ತಾನೆ, ಅದಕ್ಕಾಗಿಯೇ ಕೂಡಿ ಕಲಿಯುತ್ತೇವೆ ಎಂದರು. ಸುಲಭವೂ ಭದ್ರವೂ ಆದ ಕ್ರಮವೆಂದು ಅವನು ಮೆಚ್ಚಿ ಬರೆದನು.

ನಮ್ಮ ಅಜ್ಜ ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವರು. ತೋರುಬೆರಳಿನ ತುದಿ ಸವೆದು ಉರಿಯುತ್ತಿದ್ದುದನ್ನೂ, ಸಂಜೆ ಸಾಲಾಗಿ ನಿಂತು ಮಗ್ಗಿ ಹೇಳುತ್ತಿದ್ದುದನ್ನೂ ಅವರು ವರ್ಣಿಸುತ್ತಿದ್ದರು. ಪಿಯೆತ್ರೊ ಕಂಡ ಹುಡುಗರಿಗೂ ಅವರಿಗೂ ನಡುವೆ ಮುನ್ನೂರು ವರ್ಷ. ಇದೇ ಕ್ರಮವನ್ನು ೧೭೮೯ರ ಸುಮಾರಿಗೆ ಮದರಾಸಿನಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ನೋಡಿ, ತನ್ನ ಅನಾಥಾಲಯದ ಮಕ್ಕಳಿಗೆ ಅಳವಡಿಸಿ, ೧೭೯೭ರಲ್ಲಿ ಪುಸ್ತಕ ಬರೆದನು. ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿ ಎಂದು ಹೆಸರಾಗಿ, ಸಾವಿರಾರು ಬಡಮಕ್ಕಳು ಅದರಿಂದ ಅಕ್ಷರ ಕಲಿತರು. ಧರ್ಮಪಾಲರು ೧೯೮೩ರಲ್ಲಿ ನಮ್ಮ ಹಳೆಯ ಶಾಲೆಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಪಿಯೆತ್ರೊವಿನ ಈ ವೃತ್ತಾಂತಕ್ಕೂ ಜಾಗ ಕೊಟ್ಟಿದ್ದಾರೆ. ಆದರೆ ಒಂದು ಮಾತನ್ನು ಮರೆಯಬಾರದು. ಆ ಮೊಗಸಾಲೆಯಲ್ಲಿ ಕುಳಿತವರು ನಾಲ್ವರು ಹುಡುಗರು. ಹುಡುಗಿ ಒಬ್ಬಳೂ ಇಲ್ಲ. ಯಾವ ಯಾವ ಜಾತಿಯ ಮಕ್ಕಳಿಗೆ ಆ ಮರಳಿನ ಮೇಲೆ ಬೆರಳಿಡುವ ಅಧಿಕಾರವಿದ್ದಿತು ಎಂಬ ಪ್ರಶ್ನೆಯನ್ನು ಪಿಯೆತ್ರೊ ಕೇಳಲಿಲ್ಲ. ಹಳೆಯದನ್ನು ಹೊಗಳುವಾಗ ನಾವಾದರೂ ಕೇಳಬೇಕು.

ಇಕ್ಕೇರಿಯನ್ನು ಅವರು ನವೆಂಬರಿನಲ್ಲಿ ಮುಟ್ಟಿದರು. ಸಾಗರದಿಂದ ಆರು ಕಿಲೋಮೀಟರು ದೂರದ ಆ ಊರಿನಲ್ಲಿ ಈಗ ಅಘೋರೇಶ್ವರನ ಕಲ್ಲುಗುಡಿ ಬಿಟ್ಟರೆ ರಾಜಧಾನಿಯ ಗುರುತು ಹೆಚ್ಚಾಗಿ ಉಳಿದಿಲ್ಲ. ಪಿಯೆತ್ರೊ ಆ ಗುಡಿಯನ್ನು ಹೊಕ್ಕು ನೋಡಿ ದೇವರ ಹೆಸರನ್ನು ಬರೆದುಕೊಂಡನು. ಜಂಗಮರಿಗೆ ಜನರು ಅಡ್ಡಬೀಳುವುದನ್ನು ಕಂಡನು. ಸಂಜೆ ರೇಷ್ಮೆ ಉಟ್ಟ ಹೆಣ್ಣುಮಕ್ಕಳು ಬಣ್ಣದ ಕೋಲುಗಳನ್ನು ತಾಳಕ್ಕೆ ಬಡಿಯುತ್ತ, ಹಾಡುತ್ತ, ಸುತ್ತು ಕಟ್ಟಿ ಕುಣಿಯುವುದನ್ನು ಕಂಡು, ಇದು ಗೌರಿಯ ಹಬ್ಬವೆಂದು ಕೇಳಿ ಬರೆದುಕೊಂಡನು. ಕಾಲ ನವೆಂಬರ್ ಆದುದರಿಂದ ಇದು ನಮ್ಮ ಭಾದ್ರಪದದ ಗೌರಿಯಲ್ಲ, ಕಾರ್ತಿಕದ್ದಿರಬೇಕು. ಕೋಲಾಟವನ್ನು ಹೀಗೆ ಕಣ್ಣಿಗೆ ಕಟ್ಟುವಂತೆ ಬರೆದ ಅಷ್ಟು ಹಳೆಯ ಪರದೇಶಿ ಬರಹ ಬೇರೆ ನನ್ನ ಕಣ್ಣಿಗೆ ಬಿದ್ದಿಲ್ಲ.

ವೆಂಕಟಪ್ಪ ನಾಯಕನ ದರ್ಶನವನ್ನು ಕುರಿತು ಅವನ ಲೇಖನಿ ಸ್ವಲ್ಪ ಬಿಗುವು. ಮೊಗಸಾಲೆಯ ಎತ್ತರದ ಮೂಲೆಯಲ್ಲಿ ಸಣ್ಣ ಜಮಖಾನದ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದ ನಾಯಕನು ಅವನ ಕಣ್ಣಿಗೆ ಕಿರಿಯ ಅರಸನಂತೆ ತೋರಿದನು. ಇಸ್ತಾಂಬುಲಿನ ಸುಲ್ತಾನನ ನಗರವನ್ನೂ ಶಹಾ ಅಬ್ಬಾಸನ ಆಸ್ಥಾನವನ್ನೂ ಕಂಡವನಿಗೆ ಮಲೆನಾಡಿನ ದೊರೆಯ ಸರಳತೆ ಸಪ್ಪೆಯಾಯಿತು. ಆದರೆ ಆ ಸಪ್ಪೆ ಮನುಷ್ಯನು ಪೋರ್ಚುಗೀಸರ ರಾಯಭಾರಿಯನ್ನು ನಯವಾದ ಮಾತಿನಿಂದಲೇ ಆಡಿಸಿ, ಬಂಗನ ರಾಜ್ಯವನ್ನು ಮಾತ್ರ ಹಿಂತಿರುಗಿಸಲಿಲ್ಲ. ೧೬೫೦ರ ದಶಕದಲ್ಲಿ ಇದೇ ವಂಶದ ಶಿವಪ್ಪ ನಾಯಕನು ಹೊನ್ನಾವರ, ಬಸರೂರುಗಳ ಪೋರ್ಚುಗೀಸ್ ಕೋಟೆಗಳನ್ನೇ ಕಿತ್ತುಕೊಂಡನು. ಜಮಖಾನದ ಅಳತೆಯಿಂದ ರಾಜ್ಯದ ಅಳತೆ ತಿಳಿಯುವುದಿಲ್ಲ.

ಇಕ್ಕೇರಿಯ ಬೀದಿಯಲ್ಲಿ ಅವನು ಕಂಡ ಇನ್ನೊಂದು ನೋಟವನ್ನು ಹೇಳದೆ ದಾಟುವಂತಿಲ್ಲ. ಹೆಂಗಸೊಬ್ಬಳು ಕುದುರೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಕನ್ನಡಿ, ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು, ವಾದ್ಯದೊಡನೆ ಮೆರವಣಿಗೆಯಲ್ಲಿ ಹೋಗುತ್ತಿದ್ದಳು. ಗಂಡನು ತೀರಿಕೊಂಡಿದ್ದನು, ಸಹಗಮನಕ್ಕೆ ಸಿದ್ಧಳಾಗಿದ್ದಳು. ಪಿಯೆತ್ರೊ ಅವಳ ಮನೆಯನ್ನು ವಿಚಾರಿಸಿಕೊಂಡು, ದುಭಾಷಿಯನ್ನು ಕರೆದುಕೊಂಡು ಮಾತನಾಡಿಸಲು ಹೋದನು. ಹೆಸರು ಜಕ್ಕಮ್ಮ. ತೆಲುಗರವಳು. ಗಂಡ ವಾದ್ಯ ಬಾರಿಸುವವನು. ವಯಸ್ಸು ಸುಮಾರು ೩೦. ಚಿಕ್ಕ ಮಕ್ಕಳಿಬ್ಬರು. ಅವಳು ನಗುನಗುತ್ತ ಮಾತನಾಡಿದಳು. ಗಂಡನಿಗೆ ಇವಳಿಗಿಂತ ಹಿರಿಯರಾದ ಹೆಂಡತಿಯರು ಇನ್ನಿಬ್ಬರಿದ್ದರು. ಮಕ್ಕಳನ್ನು ಸಾಕಬೇಕೆಂದು ಹೇಳಿ ಅವರು ಚಿತೆಗೆ ಒಪ್ಪಲಿಲ್ಲ. ಹಾಗಾದರೆ ನಿನ್ನ ಮಕ್ಕಳ ಗತಿ ಏನೆಂದು ಪಿಯೆತ್ರೊ ಕೇಳಿದನು. ಅವರನ್ನು ನೋಡಿಕೊಳ್ಳುವವರಿದ್ದಾರೆ ಎಂದಳು. ಯಾರಾದರೂ ಬಲಾತ್ಕಾರ ಮಾಡಿದರೇ ಎಂದು ಕೇಳಿದನು. ಇಲ್ಲ, ನನ್ನ ಇಚ್ಛೆ ಎಂದಳು. ಅವನು ತನಗೆ ತಿಳಿದಂತೆ ಬೇಡವೆಂದು ಹೇಳಿ ನೋಡಿದನು, ಅವಳು ಕೇಳಲಿಲ್ಲ. ಕಡೆಗೆ, ನಿನ್ನ ಹೆಸರನ್ನು ನನ್ನ ಪದ್ಯಗಳಲ್ಲಿ ಉಳಿಸುತ್ತೇನೆ ಎಂದು ಮಾತು ಕೊಟ್ಟು ಬಂದನು.

ಈ ಪ್ರಸಂಗವನ್ನು ತರಗತಿಯಲ್ಲಿ ಓದಿ ಹೇಳಿದಾಗಲೆಲ್ಲ ಮಕ್ಕಳು ಸುಮ್ಮನಾಗುತ್ತಾರೆ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, “ಅವಳು ನಿಜವಾಗಿಯೂ ನಗುತ್ತಿದ್ದಳೇ, ಸರ್? ಅಥವಾ ಅವನಿಗೆ ಹಾಗೆ ಕಂಡಿತೇ?” ಎಂದು ಕೇಳಿದಳು. ಮನೆಯ ತುಂಬ ನೆಂಟರು, ಬೀದಿಯ ತುಂಬ ವಾದ್ಯ, ಎದುರಿಗೆ ಪರದೇಶದ ಗಂಡಸು, ನಡುವೆ ದುಭಾಷಿ. ಇಷ್ಟು ಜನರ ಮುಂದೆ ಒಬ್ಬ ಹೆಣ್ಣು ಬೇರೇನು ಹೇಳಬಲ್ಲಳು? ನಮ್ಮ ಹಳ್ಳಿಗಳ ಮಹಾಸತಿಕಲ್ಲುಗಳಲ್ಲಿ ಮೇಲೆತ್ತಿದ ಒಂದು ತೋಳು, ಕೈತುಂಬ ಬಳೆ, ಅಷ್ಟೇ ಇರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಹೆಸರೂ ಇಲ್ಲ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿದ ಎಂಟನೆಯ ಶತಮಾನದ ವೀರಗಲ್ಲಿನಿಂದ ಕಿತ್ತಯ್ಯನೆಂಬ ವೀರನ ಹೆಸರು ನಮಗೆ ತಿಳಿಯಿತು. ಜಕ್ಕಮ್ಮನ ಹೆಸರು, ವಯಸ್ಸು, ಮಕ್ಕಳು, ಸವತಿಯರು, ಅವಳ ಮಾತು, ಇವೆಲ್ಲ ಉಳಿದುದು ಇಟಲಿಯ ಕಾಗದವೊಂದರಲ್ಲಿ. ಒಂದು ಮಾತನ್ನು ಪಿಯೆತ್ರೊವಿನ ಪರವಾಗಿ ಹೇಳಬೇಕು: ಹೆಂಡತಿಯ ಪೆಟ್ಟಿಗೆಯನ್ನು ಗೋವೆಯಲ್ಲಿಟ್ಟು ಬಂದಿದ್ದ ಆ ಮನುಷ್ಯನು, ಗಂಡನ ಜೊತೆ ಹೋಗುತ್ತೇನೆಂದ ಹೆಣ್ಣನ್ನು ಬರಿಯ ಕುತೂಹಲದಿಂದ ನೋಡಿರಲಾರನು.

ಇಕ್ಕೇರಿಯಿಂದ ಘಟ್ಟ ಇಳಿದು ಬಸರೂರಿಗೆ ಬಂದನು. ಬಸರೂರು ಹಡಗುಗಳಿಂದಲೂ ವರ್ತಕರಿಂದಲೂ ಬೆಳೆದ ಊರು. ನಲವತ್ತೆರಡು ವರ್ಷಗಳ ಮೇಲೆ, ೧೬೬೫ರ ಫೆಬ್ರವರಿಯಲ್ಲಿ, ಶಿವಾಜಿಯು ಮಾಲವಣದಿಂದ ತಾನೇ ಹಡಗೇರಿ ಬಂದು ಸೂರೆ ಮಾಡಿದ್ದೂ ಇದೇ ಊರನ್ನು. ಅಲ್ಲಿಂದ ಮತ್ತೆ ಸಮುದ್ರಮಾರ್ಗವಾಗಿ ಮಂಗಳೂರು.

ಮಂಗಳೂರಿನಲ್ಲಿ ಅವನಿಗೆ ಒಂದೇ ಆಸೆ: ಉಳ್ಳಾಲದ ರಾಣಿಯನ್ನು ನೋಡಬೇಕು. ಅವಳ ಹೆಸರನ್ನು ಅವನು ‘ಅಬಗ್ ದೇವಿ ಚಾವುತ್ರು’ ಎಂದು ಬರೆದಿದ್ದಾನೆ. ಅಬ್ಬಕ್ಕ ದೇವಿ, ಚೌಟರವಳು. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಆ ವಂಶದಲ್ಲಿ ಒಬ್ಬರಿಗಿಂತ ಹೆಚ್ಚಿದ್ದರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಕಾದಿದವಳು ಬೇರೆ, ಇವಳು ಬೇರೆ. ಬಂಗ ಅರಸನು ಇವಳ ಗಂಡ. ಅಳಿಯಸಂತಾನದ ನಾಡಿನಲ್ಲಿ ಹೆಂಡತಿಗೂ ಅವಳದೇ ರಾಜ್ಯ. ಇಬ್ಬರಿಗೂ ಮನಸ್ಸು ಮುರಿದು, ಅವನು ಪೋರ್ಚುಗೀಸರನ್ನು ಕರೆದನು, ಇವಳು ವೆಂಕಟಪ್ಪ ನಾಯಕನನ್ನು ಕರೆದಳು. ಮನೆಯ ಜಗಳ ರಾಜ್ಯದ ಯುದ್ಧವಾಯಿತು.

ರಾಣಿಯು ಉಳ್ಳಾಲದಲ್ಲಿರಲಿಲ್ಲ, ಮಣೇಲಿನಲ್ಲಿದ್ದಳು. ಪಿಯೆತ್ರೊ ಅಲ್ಲಿಗೆ ಹೋದನು. ಡಿಸೆಂಬರ್ ತಿಂಗಳ ಆದಿ. ದಾರಿಯಲ್ಲೇ ರಾಣಿಯು ಎದುರಾದಳು: ಪಲ್ಲಕ್ಕಿಯಿಲ್ಲ, ಆನೆಯಿಲ್ಲ, ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಸೊಂಟಕ್ಕೆ ಒಂದು ಬಟ್ಟೆ, ತಲೆಯ ಮೇಲೊಂದು ಬಟ್ಟೆ, ನೆತ್ತಿಯ ಮೇಲೆ ತಾಳೆಗರಿಯ ಕೊಡೆ. ಗದ್ದೆಗಳಿಗೆ ನೀರು ಹಾಯಿಸುವ ಕಾಲುವೆಯನ್ನು ಅಗೆಸುತ್ತಿದ್ದ ಕೆಲಸವನ್ನು ತಾನೇ ನಿಂತು ನೋಡಿ ಬರುತ್ತಿದ್ದಳು. ರೋಮಿನ ಶ್ರೀಮಂತನ ಕಣ್ಣಿಗೆ ಅವಳು ರಾಣಿಯಂತೆ ಕಾಣಲಿಲ್ಲ. ಅಡಿಗೆಯವಳನ್ನೋ ಅಗಸಗಿತ್ತಿಯನ್ನೋ ಹೋಲುತ್ತಾಳೆಂದು ಗೆಳೆಯನಿಗೆ ಬರೆದೇ ಬಿಟ್ಟನು. ಆದರೆ ಅವಳು ಬಾಯಿ ತೆರೆದ ಮೇಲೆ ಅವನ ಧ್ವನಿ ಬದಲಾಯಿತು. ಎಲ್ಲಿಯವನು, ಯಾವ ಯಾವ ರಾಜ್ಯಗಳನ್ನು ನೋಡಿದ್ದಾನೆ, ಮನೆಮಠ ಬಿಟ್ಟು ಅಲೆಯುವುದಕ್ಕೆ ಕಾರಣವೇನು, ಎಂದು ಒಂದೊಂದಾಗಿ ವಿಚಾರಿಸಿದಳು. ಮಾತಿನಲ್ಲಿ ವಿವೇಕವೂ ಗಾಂಭೀರ್ಯವೂ ಇದ್ದುವೆಂದು ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಆಮೇಲೆ ಅರಮನೆಯಲ್ಲಿ ಅವಳ ಮಗ ಅವನನ್ನು ಕರೆಸಿಕೊಂಡು, ನೆಲದ ಮೇಲೆ ಬಾಳೆಯೆಲೆ ಹಾಕಿಸಿ, ಅನ್ನ ತುಪ್ಪಗಳ ಊಟ ಬಡಿಸಿಸಿದನು.

ಕಾಲುವೆಯ ದಂಡೆಯ ಮೇಲೆ ನಿಂತ ರಾಣಿಯ ಈ ಚಿತ್ರ ನನಗೆ ಯಾವ ಸಿಂಹಾಸನದ ಚಿತ್ರಕ್ಕಿಂತಲೂ ದೊಡ್ಡದು. ಕೆರೆಯ ಏರಿಯನ್ನು ಕಾಯುವುದೇ ಅರಸುತನವೆಂದು ನಮ್ಮ ಯಲಹಂಕದ ನಾಡಪ್ರಭುಗಳಿಗೂ ಗೊತ್ತಿದ್ದಿತು. ೨೦೧೨ರಲ್ಲಿ ಭಾರತದ ಕರಾವಳಿ ರಕ್ಷಣಾ ಪಡೆಯು ತನ್ನ ಗಸ್ತಿನ ಹಡಗೊಂದಕ್ಕೆ ರಾಣಿ ಅಬ್ಬಕ್ಕ ಎಂದು ಹೆಸರಿಟ್ಟಿತು. ಯುದ್ಧ ಮಾಡಿದ ಅಬ್ಬಕ್ಕನಿಗೆ ಅದು ಸಲ್ಲತಕ್ಕ ಗೌರವ. ಕಾಲುವೆ ತೋಡಿಸಿದ ಅಬ್ಬಕ್ಕನನ್ನೂ ಅದರ ಜೊತೆಗೆ ನೆನೆದರೆ ತಪ್ಪಿಲ್ಲ.

ಕದ್ರಿಯ ಗುಡ್ಡದಲ್ಲಿ ಜೋಗಿಗಳ ಅರಸನನ್ನು ಕಂಡುದು, ಕಲ್ಲಿಕೋಟೆಯಲ್ಲಿ ಸಾಮೂದಿರಿಯ ಅರಮನೆಗೆ ಹೋದದ್ದು, ಇವನ್ನೆಲ್ಲ ಇಲ್ಲಿ ವಿಸ್ತರಿಸುವುದಿಲ್ಲ. ೧೬೨೪ರ ಜನವರಿಯ ಹೊತ್ತಿಗೆ ಅವನು ಗೋವೆಗೆ ಮರಳಿದ್ದನು. ಆ ವರ್ಷದ ನವೆಂಬರಿನಲ್ಲಿ ಪೆಟ್ಟಿಗೆಯೊಂದಿಗೆ ಭಾರತವನ್ನು ಬಿಟ್ಟು, ಮಸ್ಕತ್, ಬಸ್ರಾ, ಮರುಭೂಮಿ, ಅಲೆಪ್ಪೊ, ಆಮೇಲೆ ಮತ್ತೆ ಹಡಗು: ಸೈಪ್ರಸ್, ಮಾಲ್ಟಾ, ಸಿಸಿಲಿ, ನೇಪಲ್ಸ್. ನನ್ನ ವಿದ್ಯಾರ್ಥಿಯು ಈಗ ಚಿತ್ರ ತೆಗೆದುಕೊಂಡು ಬಂದ ಅದೇ ದ್ವೀಪಗಳು. ೧೬೨೬ರ ಮಾರ್ಚ್ ೨೮ರಂದು ರೋಮ್ ಸೇರಿ, ಅರಚೇಲಿ ಎಂಬ ಇಗರ್ಜಿಯಲ್ಲಿ ತನ್ನ ಹಿರಿಯರ ಸಮಾಧಿಯ ಬಳಿ ಮಾನಿಯನ್ನು ಮಣ್ಣು ಮಾಡಿದನು. ಮರುವರ್ಷ ನಡೆದ ಉತ್ತರಕ್ರಿಯೆಯಲ್ಲಿ ತಾನೇ ಚರಮಭಾಷಣಕ್ಕೆ ನಿಂತು, ನಡುವೆ ದುಃಖ ತಡೆಯಲಾರದೆ ಅತ್ತನು. ೧೬೫೨ರಲ್ಲಿ ತೀರಿಕೊಂಡನು. ಸ್ಕಿಪಾನೊವಿಗೆ ಬರೆದ ಕಾಗದಗಳಲ್ಲಿ ಭಾರತದ ಭಾಗ ೧೬೬೩ರಲ್ಲಿ ಅಚ್ಚಾಯಿತು. ಎರಡು ವರ್ಷದಲ್ಲಿ ಇಂಗ್ಲಿಷಿಗೂ ಬಂದಿತು. ಅದನ್ನು ತಿದ್ದಿ, ಟಿಪ್ಪಣಿ ಸೇರಿಸಿ, ೧೮೯೨ರಲ್ಲಿ ಹಕ್ಲೂಯ್ಟ್ ಸಂಘದವರು ಎರಡು ಸಂಪುಟಗಳಲ್ಲಿ ಮತ್ತೆ ಅಚ್ಚು ಹಾಕಿಸಿದರು. ನಾನು ಓದಿದುದು ಅದನ್ನೇ.

ಇಷ್ಟನ್ನು ಕೇಳಿದ ಮೇಲೆ ನನ್ನ ವಿದ್ಯಾರ್ಥಿಯು ಡಿಸೆಂಬರಿನ ರಜೆಯಲ್ಲಿ ಹೊನ್ನಾವರಕ್ಕೆ ಹೋಗುತ್ತೇನೆಂದು ಹೊರಟಿದ್ದಾನೆ. ದೋಣಿಯಲ್ಲಿ ಗೇರುಸೊಪ್ಪೆಯ ತನಕವೂ ಹೋಗಬಹುದೇ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊನ್ನೆ ಫೋನಿನಲ್ಲಿ ಕೇಳಿದನು. ಮಾವಿನಕುರ್ವೆಯ ದೋಣಿಯವರನ್ನು ವಿಚಾರಿಸಿ ತಿಳಿಸುತ್ತೇನೆ, ಊಟದ ಬುತ್ತಿಯನ್ನು ಮಾತ್ರ ಮನೆಯಿಂದಲೇ ಕಟ್ಟಿಸಿಕೊಂಡು ಬಾ ಎಂದು ಹೇಳಿದ್ದೇನೆ.